ರಾಯವ್ವ ತಡೆದ ಗೋಲು

ರಾಯವ್ವ ನಮ್ಮ ಸವದತ್ತಿಯ ಪ್ರೌಢಶಾಲೆಗೆ ಪಿ.ಟಿ. ಟೀಚರ್ ಆಗಿ ಬಂದು ಎರಡು ವರ್ಷವಾಗಿತ್ತು. ಗಣಿತ ಕಲಿಸುವ ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಊರು ನೇಸರಗಿ, ಮಾತು ಕಡಿಮೆ, ನಡೆಯುವಾಗ ಎಡಗಾಲು ತುಸು ಎಳೆಯುತ್ತದೆ.

೨೦೦೪ರ ಜನವರಿಯಲ್ಲಿ ಬೈಲಹೊಂಗಲದಲ್ಲಿ ಸರಕಾರಿ ನೌಕರರ ಕ್ರೀಡಾಕೂಟ ನಡೆಯಿತು. ಪೊಲೀಸರ ಎದುರು ಆಡಬೇಕಿದ್ದ ಶಿಕ್ಷಕರ ಫುಟ್‌ಬಾಲ್ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ನಾಯಕ ಶ್ರೀಶೈಲ ಸರ್ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ರಾಯವ್ವ ಎದ್ದು, "ಹಿಂದ ನಾ ನಿಂದರತೇನ್ರಿ," ಎಂದರು.

ಪೊಲೀಸರು ನಕ್ಕರು. ಅವರ ಸಂಜೀವ ಜಿಲ್ಲೆಗೇ ಹೆಸರಾದ ಓಟಗಾರ. ಚೆಂಡು ಸಿಕ್ಕೊಡನೆ ನೇರ ರಾಯವ್ವನತ್ತಲೇ ನುಗ್ಗಿದ. ಅವರು ಓಡಲಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು, ಅಷ್ಟೇ. ಸಂಜೀವ ಮುಂದೆ ಹೋದ. ಚೆಂಡು ಅವರ ಕಾಲಲ್ಲಿ ಉಳಿಯಿತು. ಎರಡನೇ ಸಲ ಬಲಕ್ಕೆ ತೋರಿಸಿ ಎಡಕ್ಕೆ ಹೊರಳಿದ. ಅವನಿಗಿಂತ ಮೊದಲೇ ಅವರು ಅಲ್ಲಿದ್ದರು. ಹತ್ತನೇ ಸಲಕ್ಕೆ ಮೈದಾನದಲ್ಲಿ ನಗುವವರು ಯಾರೂ ಉಳಿದಿರಲಿಲ್ಲ. ಕೈಯಲ್ಲಿದ್ದ ಶೇಂಗಾ ತಿನ್ನುವುದನ್ನೇ ನಾನು ಮರೆತಿದ್ದೆ.

ಪಂದ್ಯ ಗೋಲಿಲ್ಲದೆ ಮುಗಿಯಿತು. ಸಂಜೀವ ಏದುಸಿರು ಬಿಡುತ್ತ ಬಂದ. "ಅಕ್ಕಾರ, ನಾ ಎತ್ತಾಗ ಹೊಳ್ಳತೇನಂತ ನಿಮಗ ಹ್ಯಾಂಗ ಗೊತ್ತಾಗತಿತ್ರಿ?"

"ನಿಮ್ಮ ಕಾಲು ಸುಳ್ಳ ಹೇಳತಾವು. ನಡಾ ಸುಳ್ಳ ಹೇಳಂಗಿಲ್ಲ. ನಾ ನಡಾ ನೋಡತೇನಿ," ಎಂದು ರಾಯವ್ವ ಸೊಂಟ ಮುಟ್ಟಿ ತೋರಿಸಿದರು.

"ಎಲ್ಲಿ ಕಲ್ತ್ರಿ ಇದನ್ನ?"

ಆಗ ಒಂದೊಂದಾಗಿ ಹೊರಬಿತ್ತು. ನೇಸರಗಿಯಿಂದ ದಿನಾ ಬಸ್ಸು ಹಿಡಿದು ಬೆಳಗಾವಿಗೆ ಹೋಗಿ ಆಟ ಕಲಿತವರು. ೧೯೯೧ರಿಂದ ಏಳು ವರ್ಷ ಭಾರತ ಮಹಿಳಾ ತಂಡದ ಡಿಫೆಂಡರ್. ಪರದೇಶದ ಕೂಟವೊಂದರ ಪಂದ್ಯದಲ್ಲಿ ಭಾರತ ಒಂದು ಗೋಲಿನಿಂದ ಸೋತಿತು. ಆದರೆ ಆ ಕೂಟದಲ್ಲೇ ಅತಿ ಹೆಚ್ಚು ಗೋಲು ಹೊಡೆದಿದ್ದ ಎದುರಾಳಿ ಆಟಗಾರ್ತಿಗೆ ರಾಯವ್ವ ಕಾವಲಿದ್ದರು; ಅಂದು ಆಕೆಗೆ ಒಂದೂ ದಕ್ಕಲಿಲ್ಲ. ಪಂದ್ಯ ಮುಗಿದ ಮೇಲೆ ಆಕೆಯೇ ಹುಡುಕಿಕೊಂಡು ಬಂದು, ತಲೆಬಾಗಿ, ತನ್ನ ಅಂಗಿ ಕೊಟ್ಟು ಹೋದಳು. ೧೯೯೮ರಲ್ಲಿ ಮೊಣಕಾಲಿನ ನರ ಹರಿದಾಗ ಬದಲಿಗೆ ಇಳಿಯುವವರು ಯಾರೂ ಉಳಿದಿರಲಿಲ್ಲ. ಅದೇ ಕಾಲಲ್ಲಿ ಇಪ್ಪತ್ತು ನಿಮಿಷ ಆಡಿದರು. ಅದೇ ಕೊನೆಯ ಆಟ.

"ಇಷ್ಟ ಆಡೀರಿ, ನಿಮ್ಮ ಹೆಸರ ನಾವ್ಯಾರೂ ಕೇಳಿಲ್ಲಲ್ರಿ!" ಎಂದೆ.

"ಗೋಲ ಹೊಡದವರ ಹೆಸರ ಪೇಪರನ್ಯಾಗ ಬರತೇತಿ, ವರದಾ ಅಕ್ಕಾರ. ಆಗಲಾರದ ಗೋಲ ಯಾರ ಬರೀತಾರ?"

ನಗುತ್ತ ಏಳಲು ಹೋದರು, ಆಗಲಿಲ್ಲ. ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ಆ ನೋವಿನಲ್ಲೇ ಒಂದೂವರೆ ತಾಸು ನಿಂತಿದ್ದರು! ಸಂಜೀವ ಸೋಡಾ ಅಂಗಡಿಗೆ ಓಡಿ ಮಂಜುಗಡ್ಡೆ ತಂದ. ಟವೆಲಿನಲ್ಲಿ ಸುತ್ತಿ, ನೆಲಕ್ಕೆ ಕುಳಿತು, ಅವರ ಮೊಣಕಾಲಿಗೆ ಒತ್ತಿ ಹಿಡಿದ. ಪೊಲೀಸ್ ತಂಡವೆಲ್ಲ ಸುತ್ತ ನೆರೆದಿತ್ತು.

ಮುಂದಿನ ಶನಿವಾರ ಮುಂಜಾನೆ ಅವನು ಸವದತ್ತಿಯ ನಮ್ಮ ಮೈದಾನಕ್ಕೆ ಬಂದ, ಬೂಟು ಹೆಗಲಿಗೆ ಹಾಕಿಕೊಂಡು. ಕಲಿಯಲಿಕ್ಕೆ.