ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಸಾಲು

ಅಣ್ಣ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಪುರಭವನದ ಮೊಗಸಾಲೆಯಲ್ಲಿ, ಅವನ ಏಣಿಯ ಬುಡದಲ್ಲಿ ನಿಂತಿದ್ದಾಗ. ಸೋಮವಾರ ಬೆಳಗ್ಗೆ ಹತ್ತಾದರೂ ಅವನು ಕೆಲಸಕ್ಕೆ ಬಂದಿರಲಿಲ್ಲ. ಶನಿವಾರ ನಮ್ಮಿಬ್ಬರಿಗೂ ಜಗಳವಾಗಿತ್ತು. ರಾಜಿಯಾಗೋಣವೆಂದು ನಾನೇ ಹುಡುಕಿಕೊಂಡು ಹೋಗಿದ್ದೆ. ಜವಾನ ಒಳಗಿನಿಂದ ಬಂದು, ಅತ್ತಿಗೆ ಫೋನ್ ಮಾಡಿದ್ದರೆಂದೂ ಅಣ್ಣ ನಿದ್ದೆಯಲ್ಲೇ ಹೋದನೆಂದೂ ಹೇಳಿದ. ಏಣಿಯ ಮೇಲಿನ ಮೆಟ್ಟಿಲಲ್ಲಿ ಅವನ ಕುಂಚ ಸೀಮೆಎಣ್ಣೆಯ ಡಬ್ಬಿಯೊಳಗೆ ನಿಂತೇ ಇತ್ತು.

ಅಣ್ಣ ಊರಿಗೆಲ್ಲ ಬೋರ್ಡು ಬರೆಯುತ್ತಿದ್ದವನು. ಪುರಭವನದ ಮರದ ಹಲಗೆಯ ಮೇಲೆ ಈ ಊರಿನ ಮೇಯರ್‌ಗಳ ಹೆಸರನ್ನೆಲ್ಲ ಹೊಸದಾಗಿ ಬರೆಯುವ ಕೆಲಸ ಅವನಿಗೆ ಸಿಕ್ಕಿತ್ತು. ಶುಕ್ರವಾರ ಅದರ ಅನಾವರಣ, ಹಳೆಯ ಮೇಯರ್‌ಗಳ ಮನೆಯವರಿಗೆ ಗೌರವ. ಪಟ್ಟಿ ಮಾಡಿಕೊಟ್ಟವನು ನಾನು. ಮೂವತ್ತು ವರ್ಷ ಅಲ್ಲಿಯ ದಾಖಲೆ ಕೋಣೆಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಪಟ್ಟಿಯಲ್ಲಿ ತಪ್ಪಿರದೆಂಬ ಬಿಂಕ ನನಗೆ.

ಪಟ್ಟಿಯಲ್ಲಿದ್ದದ್ದು ಇಪ್ಪತ್ತಮೂರು ಹೆಸರು. ಎಲ್ಲವನ್ನೂ ಬರೆದು ಮುಗಿಸಿದ ಅಣ್ಣ, ಒಂಬತ್ತನೆಯದಕ್ಕೂ ಹತ್ತನೆಯದಕ್ಕೂ ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದ. ಜಗಳ ಅದಕ್ಕೇ.

“ಟೀಚರಮ್ಮನ್ನ ಬಿಟ್ಟಿದೀಯಲ್ಲೋ,” ಅಂದಿದ್ದ.

“ಅವರು ಹಂಗಾಮಿ ಕಣಣ್ಣಾ. ಹತ್ತೊಂಬತ್ತೇ ದಿನ. ಹಂಗಾಮಿಯೋರು ಪಟ್ಟಿಗೆ ಬರಲ್ಲ.”

“ಹಾಗಾದ್ರೆ ನೀನಿಲ್ಲಿ ಕಾಯಂ ಏನೋ?”

ನಾನು ಮುಖ ಊದಿಸಿಕೊಂಡು ಹೊರಟೆ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಒಂಬತ್ತನೆಯ ಮೇಯರ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡಾಗ, ಹೊಸಬರ ಆಯ್ಕೆಯಾಗುವವರೆಗೆ ಆ ಕುರ್ಚಿಯಲ್ಲಿ ಕೂತವರು ಪಾಲಿಕೆಯ ಸದಸ್ಯೆಯಾಗಿದ್ದ ಶಾಲೆಯ ಟೀಚರಮ್ಮ. ಅಷ್ಟು ದಿನದಲ್ಲಿ ಅವರು ಮಾಡಿಸಿದ್ದು ಒಂದೇ ಕೆಲಸ: ಬೀದಿಬೀದಿಗೂ ಹೆಸರಿನ ಫಲಕ. ಅಲ್ಲಿಯವರೆಗೆ ಅಂಚೆಯವನು ಕಾಗದ ಹಿಡಿದು ಮನೆಮನೆ ವಿಚಾರಿಸಬೇಕಿತ್ತು. ಆ ಫಲಕಗಳೇ ಅಣ್ಣನಿಗೆ ಸಿಕ್ಕ ಮೊದಲ ಕೆಲಸ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಖಾಲಿ ಸಾಲೇ ಬಂದು ನಿಲ್ಲುತ್ತಿತ್ತು. ಬುಧವಾರ ಪುರಭವನಕ್ಕೆ ಹೋದರೆ, ಮುದುಕನಿಗೆ ಕಣ್ಣು ಮಂಜಾಗಿ ಸಾಲು ತಪ್ಪಿದೆ ಎಂದು ಇಬ್ಬರು ನೌಕರರು ನಗುತ್ತಿದ್ದರು. ಅಲ್ಲಿಗೊಂದು ಪ್ಲಾಸ್ಟಿಕ್ ಹೂವಿನ ಗೊಂಚಲು ಅಂಟಿಸುತ್ತಾರಂತೆ. ಐವತ್ತು ವರ್ಷ ಒಂದಕ್ಷರ ತಪ್ಪದವನ ಕೊನೆಯ ಕೆಲಸಕ್ಕೆ ತೇಪೆ.

ಕಾರ್ಯದರ್ಶಿಯ ಮುಂದೆ ಹೋಗಿ ನಿಂತು, ತಪ್ಪು ಅಣ್ಣನದಲ್ಲ, ನನ್ನದು ಎಂದೆ. ಆಹ್ವಾನ ಪತ್ರಿಕೆಯಲ್ಲಿ ಇಪ್ಪತ್ತಮೂರೆಂದು ಅಚ್ಚಾಗಿದೆಯಲ್ಲ ಎಂದು ಅವರು ತಲೆ ಕೆರೆದುಕೊಂಡರು.

“ಪಟ್ಟಿಗೆ ಸಹಿ ಹಾಕಿದೋರು ನೀವೇ ಅಲ್ವಾ ಯಜಮಾನ್ರೇ?”

“ನಾನೇ. ತಪ್ಪಾಯ್ತು ಅಂತಲೂ ನಾನೇ ಬರೆದುಕೊಡ್ತೀನಿ.”

ಬರೆದುಕೊಟ್ಟೆ. ಜೀವಮಾನದಲ್ಲಿ ಹಾಗೆ ಬರೆದದ್ದು ಅದೇ ಮೊದಲು. ಅವರು ಒಪ್ಪಿದರು, ಆದರೆ ಹೆಸರಿನ ಪಕ್ಕದಲ್ಲಿ ‘ಹಂಗಾಮಿ’ ಎಂದು ಇರಲೇಬೇಕೆಂದರು.

ಬರೆಯುವವರು ಯಾರು? ಪಕ್ಕದ ಊರಿನ ಬೋರ್ಡಿನವನಿಗೆ ಪುರುಸೊತ್ತಿಲ್ಲ. ಅತ್ತಿಗೆಯ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಅವರು ಕಣ್ಣೊರೆಸಿಕೊಂಡರು.

“ಏಣಿ ಹತ್ತಿ ನೋಡಿದೀಯಾ? ನಿಮ್ಮಣ್ಣ ಸುಮ್ಸುಮ್ನೆ ಜಾಗ ಬಿಡೋರಾ?”

ಗುರುವಾರ ಹತ್ತಿದೆ. ಕೆಳಗಿನಿಂದ ಖಾಲಿ ಕಂಡ ಸಾಲಿನಲ್ಲಿ ಸೀಸದಕಡ್ಡಿಯ ತೆಳು ಗೆರೆಗಳಿಂದ ಟೀಚರಮ್ಮನ ಪೂರ್ತಿ ಹೆಸರು ಮೂಡಿತ್ತು. ಬಣ್ಣ ತುಂಬುವುದೊಂದೇ ಬಾಕಿ. ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಅಕ್ಷರಗಳನ್ನು ಹಿಗ್ಗಿಸಿ ಇಟ್ಟಿದ್ದ, ಕಳ್ಳ. ಇನ್ನೊಂದು ಪದಕ್ಕೆ ಬೆರಳಗಲದ ಎಡೆಯೂ ಇರಲಿಲ್ಲ.

ಅತ್ತಿಗೆ ಏಣಿ ಹಿಡಿದು ನಿಂತರು. ಅಣ್ಣನ ಕುಂಚದಲ್ಲೇ ತುಂಬಿದೆ. ಪಳಗದ ಕೈ, ಕೊನೆಯ ಅಕ್ಷರದ ಬಾಲ ಗೆರೆ ದಾಟಿತು. ಆ ತಪ್ಪು ನನ್ನದೆಂದು ಎಲ್ಲರಿಗೂ ತಿಳಿದಿರಲಿ. ಕಾರ್ಯದರ್ಶಿ ಬಂದು ತಲೆಯೆತ್ತಿ, ಹಂಗಾಮಿ ಎಲ್ಲಿ ಎಂದರು. ಜಾಗ ಇಲ್ಲ ಸ್ವಾಮಿ ಎಂದೆ. ಸರಿ, ಹಾಗೇ ಇರಲಿ ಎಂದು ಒಳಗೆ ಹೋದರು.

ದೇವರೇ, ಅಣ್ಣ ಈಗ ನಿನ್ನ ಹತ್ತಿರ ಇದ್ದಾನೆ. ಅವನ ಕೊನೆಯ ಮಾತಿಗೆ ಉತ್ತರ ಕೊಡದೆ ಎದ್ದು ಬಂದವನು ನಾನು. ನಾನು ಕಾಯಂ ಅಲ್ಲವೆಂದು ಒಪ್ಪಿದೆನೆಂದು ಅವನಿಗೆ ತಿಳಿಸು. ನಿನ್ನ ಪಟ್ಟಿಯಲ್ಲಿ ಅವನ ಹೆಸರು ಬಿಟ್ಟುಹೋಗದಿರಲಿ. ದಣಿದ ಆ ಕೈಗೆ ವಿಶ್ರಾಂತಿಯನ್ನೂ ಅವನ ಆತ್ಮಕ್ಕೆ ಶಾಂತಿಯನ್ನೂ ಕೊಡು.