ಮೀಸೆ ಹಾರಿಸಿದ ಪುಸ್ತಕ

ಆ ಕ್ಷೌರದಂಗಡಿಯವನನ್ನು ಊರವರೆಲ್ಲ ‘ರೇಡಿಯೋ’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಶುರುವಾದ ಬಾಯಿ, ಸಂಜೆ ಬಾಗಿಲು ಹಾಕಿದಾಗಲೇ ನಿಲ್ಲುತ್ತಿತ್ತು. ಯಾರ ಅಳಿಯ ಮುನಿಸಿಕೊಂಡು ಹೋದ, ಬಸ್ಸು ಯಾಕೆ ತಡವಾಯಿತು, ಯಾರ ಬೆಕ್ಕು ಯಾರ ಮನೆ ಹಾಲು ಕುಡಿಯಿತು, ಎಲ್ಲವೂ ಅವನ ಕತ್ತರಿಯ ಜೊತೆಜೊತೆಗೇ ಓಡುತ್ತಿದ್ದವು. ಕೂದಲು ಇಳಿಸಲು ಬಂದವರು ಸುದ್ದಿ ಹೊತ್ತುಕೊಂಡು ಹೋಗುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಆ ರೇಡಿಯೋ ನಿಂತುಹೋಯಿತು.

ಕೆಲಸವೇನೂ ನಿಲ್ಲಲಿಲ್ಲ. ಗಿರಾಕಿ ಬಂದರೆ “ಸಣ್ಣಗಾ?” ಎನ್ನುತ್ತಿದ್ದ. ಮುಗಿದ ಮೇಲೆ “ಆಯ್ತು” ಎನ್ನುತ್ತಿದ್ದ. ಮನೆಯಲ್ಲಿ ಅಷ್ಟೂ ಇಲ್ಲ. ಮಗಳು ಪುಟ್ಟಿ ಮೊದಮೊದಲು “ಅಪ್ಪಾ, ಅಮ್ಮ ಇದ್ದಾಗ...” ಎಂದು ಮಾತು ತೆಗೆಯುತ್ತಿದ್ದಳು. ಅವನು ತಟ್ಟನೆ “ಹೋಮ್‌ವರ್ಕ್ ಆಯ್ತಾ?” ಎನ್ನುತ್ತಿದ್ದ. ಅಮ್ಮನ ಸುದ್ದಿ ಎತ್ತದಿದ್ದರೆ ಮಗುವಿಗೆ ನೋವಾಗುವುದಿಲ್ಲ ಎಂದು ಅವನ ಲೆಕ್ಕ. ಬರಬರುತ್ತಾ ಪುಟ್ಟಿಯೂ ಕೇಳುವುದನ್ನು ಬಿಟ್ಟಳು.

ಬೇಕರಿಯಲ್ಲಿ ಕೆಲಸ ಮಾಡುವ ನಾದಿನಿ ರಜೆಯ ದಿನ ಬನ್ನು ತೆಗೆದುಕೊಂಡು ಬಂದವಳು ಇದನ್ನು ನೋಡಿ ತಡೆಯಲಾರದೆ ಹೇಳಿಯೇಬಿಟ್ಟಳು.

“ಭಾವ, ಅಪ್ಪ ಮಗಳು ಇಬ್ರೂ ಗೋಡೆ ನೋಡ್ಕೊಂಡು ಊಟ ಮಾಡ್ತೀರಲ್ಲ, ಇದೇನು ಮನೆನಾ? ಮಗು ಮಂಕಾಗ್ತಿದ್ದಾಳೆ. ಪರೀಕ್ಷೆ ಮುಗಿದ ದಿನವೇ ಬಂದು ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಶಾಲೆಗೂ ಸೇರಿಸ್ತೀನಿ.”

ಬೇಡ ಎನ್ನಬೇಕೆಂದುಕೊಂಡ. ಬಾಯಿಂದ ಬಂದದ್ದು ಮಾತ್ರ “ಹೂಂ.”

ಆ ಊರಿನ ಗ್ರಂಥಾಲಯದ ಮೇಲ್ವಿಚಾರಕರು ಇವನ ಹಳೇ ಗಿರಾಕಿ. ಅವರದು ಭಾರೀ ಮೀಸೆ. ಮಕ್ಕಳೆಲ್ಲ ‘ಮೀಸೆ ಸಾರ್’ ಎನ್ನುತ್ತಿದ್ದರು. ಆ ಮೀಸೆಯ ಅಂಚು ತೀಡಿಸಿಕೊಳ್ಳಲು ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು. ರೇಡಿಯೋನ ಮುಖ ನೋಡಿ ಒಂದು ದಿನ ಪುಸ್ತಕವೊಂದನ್ನು ಕನ್ನಡಿಯ ಕೆಳಗೆ ಇಟ್ಟು ಹೋದರು. ಧೈರ್ಯವಾಗಿರುವುದು ಹೇಗೆಂದು ಉಪದೇಶಿಸುವ ದಪ್ಪ ಪುಸ್ತಕ. ಮುಂದಿನ ವಾರ ಬಂದು ನೋಡಿದರೆ ಅದು ಅಲುಗಾಡುವ ಕುರ್ಚಿಯ ಕಾಲಿನ ಕೆಳಗಿತ್ತು.

“ಓಹೋ! ಅಂತೂ ಕುರ್ಚಿಗಾದ್ರೂ ಧೈರ್ಯ ಬಂತು,” ಎಂದರು ಮೀಸೆ ಸಾರ್.

ರೇಡಿಯೋ ನಾಚಿಕೊಂಡು ಅದನ್ನು ಎಳೆದು, ಒರೆಸಿಕೊಟ್ಟ. “ಸಾರ್, ಬೇಜಾರು ಮಾಡ್ಕೋಬೇಡಿ. ಪುಸ್ತಕ ಓದಿದ್ರೆ ಹೋದವಳು ಎದ್ದು ಬರ್ತಾಳಾ?”

“ಇಲ್ಲ ಕಣಯ್ಯ. ತಪ್ಪು ನಂದೇ. ಪುಸ್ತಕ ಅಂದ್ರೆ ಚಪ್ಪಲಿ ಇದ್ದ ಹಾಗೆ, ಅವರವರ ಕಾಲಿಗೆ ಸರಿಹೋಗ್ಬೇಕು. ನನ್ನ ಹೆಂಡತಿ ಸಂಸಾರವೇ ಬೇಡ ಅಂತ ನನ್ನನ್ನ ಬಿಟ್ಟು ಹೋದಾಗ ಎಲ್ಲರೂ ನನಗೂ ಇಂಥದ್ದೇ ತಂದುಕೊಟ್ರು. ಒಂದೂ ಒಳಗೆ ಇಳೀಲಿಲ್ಲ. ಆಮೇಲೆ ಪತ್ತೇದಾರಿ ಕಾದಂಬರಿ ಹಿಡಿದೆ ನೋಡು! ಕೊಂದವನು ಯಾರು ಅಂತ ತಿಳ್ಕೊಳ್ಳೋಕಾದ್ರೂ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳ್ಬೇಕಲ್ಲ?”

ರೇಡಿಯೋನ ತುಟಿಯ ಮೂಲೆ ಸ್ವಲ್ಪ ಅಲುಗಾಡಿತು. ಆದರೂ ಬಿಡಲಿಲ್ಲ. “ನನಗೆಲ್ಲಿದೆ ಸಾರ್ ಪುರುಸೊತ್ತು? ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕತ್ತರಿ.”

“ಕಿವಿ ಖಾಲಿ ಇದ್ಯಲ್ಲ? ಬೆಂಚಿನ ಮೇಲೆ ಕೂತವರು ಸುಮ್ಮನೆ ಉಗುರು ನೋಡ್ಕೊಳ್ತಾ ಕೂತಿರ್ತಾರೆ. ಅವರೇ ಓದ್ಲಿ.”

ಮಾರನೆಯ ದಿನ ಅವರು ತಂದದ್ದು ಒಂದು ತೆಳ್ಳಗಿನ ಕಾದಂಬರಿ. ಹೊಳೆ ದಾಟಿಸುವ ಒಬ್ಬ ಅಂಬಿಗ, ಕಾಸು ಕೊಡದೆ ದಿನಾ ದೋಣಿ ಹತ್ತುವ ಒಂದು ಮೊಂಡು ಮೇಕೆ, ಅವರಿಬ್ಬರ ಜಗಳ. ಬೆಂಚಿನ ಮೇಲಿದ್ದ ಹೋಟೆಲ್ ಮಾಲೀಕರು ಓದತೊಡಗಿದರು. ಮೇಕೆ ದೋಣಿಯ ಹಗ್ಗ ತಿಂದ ಕಡೆ ಅವರಿಗೇ ನಗು ತಡೆಯಲಾಗಲಿಲ್ಲ. ಅವರ ತಲೆ ಪೂರಾ ಬೋಳು. ಆದರೂ ಅಂದಿನಿಂದ ದಿನಾ ಅಂಗಡಿಗೆ ಹಾಜರು.

“ನಿಮಗೆ ಇಲ್ಲೇನು ಕೆಲ್ಸ?” ಎಂದು ಯಾರೋ ರೇಗಿಸಿದರೆ, “ಬೆಳೆದ್ರೂ ಬೆಳೀಬಹುದು, ಮೊದ್ಲೇ ಬಂದು ಪಾಳಿ ಹಿಡಿದಿರ್ತೀನಿ” ಎನ್ನುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಪುಟ್ಟಿ ಅಂಗಡಿಗೆ ಬರುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಆಸೆಯಾಯಿತು. “ನಾನು ಓದ್ಲಾ?” ಎಂದಳು. ದೊಡ್ಡವರ ಓದಿಗಿಂತ ಅವಳದೇ ಚೆನ್ನ. ಅಂಬಿಗನಿಗೆ ಒಂದು ದನಿ, ಮೇಕೆಗೆ ಇನ್ನೊಂದು ದನಿ. ಎಷ್ಟೋ ದಿನದಿಂದ ಆ ಹುಡುಗಿಯ ಗಂಟಲು ಇಷ್ಟು ಬಿಚ್ಚಿಕೊಂಡಿರಲಿಲ್ಲ. ಅವಳು ಓದುವಾಗ ರೇಡಿಯೋನ ಕತ್ತರಿಯ ಸದ್ದು ತಾನಾಗಿ ಮೆತ್ತಗಾಗುತ್ತಿತ್ತು.

ಪರೀಕ್ಷೆ ಮುಗಿದ ದಿನ ಬಂದೇ ಬಂತು. ಮೀಸೆ ಸಾರ್ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ರೇಡಿಯೋ ಕತ್ತಿ ಹಿಡಿದು ಮೀಸೆಯ ಅಂಚಿಗೆ ಬಂದಿದ್ದ. ಪುಟ್ಟಿ ಓದುತ್ತಿದ್ದಳು. ಅಷ್ಟು ಹೊತ್ತೂ ನಗಿಸುತ್ತಿದ್ದ ಕಥೆ ಮೆಲ್ಲಗೆ ಬೇರೆ ಕಡೆ ತಿರುಗಿತು. ಅಂಬಿಗನ ಹೆಂಡತಿ ಬಹಳ ಹಿಂದೆಯೇ ಸತ್ತಿದ್ದಳಂತೆ. ಆ ಮೇಕೆ ಅವಳು ಸಾಕಿದ್ದಂತೆ. ಅಂಬಿಗ ಮಗನ ಮುಂದೆಯೂ ಅವಳ ಹೆಸರನ್ನೇ ಎತ್ತುವುದಿಲ್ಲವಂತೆ.

“ಅಪ್ಪ ಅಮ್ಮನನ್ನು ಮರೆತುಬಿಟ್ಟಿದ್ದಾನೆ ಎಂದು ಹುಡುಗ ತಿಳಿದುಕೊಂಡ...”

ಪುಟ್ಟಿಯ ದನಿ ಅಲ್ಲಿಗೇ ಕಟ್ಟಿಹೋಯಿತು.

ರೇಡಿಯೋ ಥಟ್ಟನೆ ಮಗಳ ಕಡೆ ತಿರುಗಿದ. ತಲೆ ತಿರುಗಿತು, ಜೊತೆಗೆ ಕೈಯೂ ತಿರುಗಿತು. ಊರಿಗೇ ಹೆಸರಾಗಿದ್ದ ಆ ಮೀಸೆಯ ಎಡಭಾಗ ನೊರೆಯ ಸಮೇತ ಟವೆಲ್ ಮೇಲೆ ಬಂದು ಬಿತ್ತು.

ಮೀಸೆ ಸಾರ್ ಕನ್ನಡಿ ನೋಡಿದರು. ಮುಖ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. “ಈ ಕಡೆಯಿಂದ ನಾನು, ಆ ಕಡೆಯಿಂದ ನನ್ನ ತಮ್ಮ,” ಎಂದರು.

ಹೋಟೆಲ್ ಮಾಲೀಕರು ಬೆಂಚಿನಿಂದ ಜಾರಿದರು. ಪುಟ್ಟಿ ಕಣ್ಣಲ್ಲಿ ನೀರಿಟ್ಟುಕೊಂಡೇ ಕಿಸಕ್ಕನೆ ನಕ್ಕಳು. ನಕ್ಕು, ಅದೇ ಉಸಿರಿನಲ್ಲಿ ಕೇಳಿಬಿಟ್ಟಳು: “ಅಪ್ಪಾ, ನೀನೂ ಅಮ್ಮನ್ನ ಮರ್ತುಬಿಟ್ಯಾ?”

ರೇಡಿಯೋ ಕತ್ತಿ ಕೆಳಗಿಟ್ಟ. ಬಂದು ಬೆಂಚಿನ ಮೇಲೆ ಮಗಳ ಪಕ್ಕ ಕೂತ.

“ಮರೆಯೋದಾ? ಪುಟ್ಟಿ, ಈಗ ನಿಮ್ಮಮ್ಮ ಇಲ್ಲಿದ್ದಿದ್ರೆ ನೆಲದ ಮೇಲೆ ಹೊರಳಾಡಿ ನಗ್ತಿದ್ಲು. ಮದುವೆಯಾದ ಹೊಸದರಲ್ಲಿ ಅವಳಿಗೂ ಹೀಗೇ ಮಾಡಿದ್ದೆ ಕಣೇ. ಕೂದಲ ತುದಿ ಸರಿಮಾಡು ಅಂದ್ಲು. ನಾನು ಮಾತಾಡ್ತಾ ಮಾತಾಡ್ತಾ ಒಂದು ಕಡೆ ಕಿವಿಯವರೆಗೂ ಎತ್ತಿಬಿಟ್ಟೆ! ಇನ್ನೊಂದು ಕಡೇನೂ ಹಾಗೇ ಮಾಡ್ಬೇಕಾಯ್ತು. ಬೈದ್ಲಾ? ಇಲ್ಲ. ತಲೆ ಎತ್ಕೊಂಡು ಬೀದಿಗೆ ಹೋಗಿ, ‘ಇದು ಹೊಸ ಫ್ಯಾಶನ್ನು, ನಮ್ಮೆಜಮಾನ್ರು ಮಾಡಿದ್ದು’ ಅಂದ್ಲು. ಮಾರನೇ ದಿನ ಅದೇ ಥರ ಬೇಕು ಅಂತ ಅಕ್ಕಪಕ್ಕದ ಹೆಂಗಸರೆಲ್ಲ ಬಂದ್ರು!”

“ಆಮೇಲೆ?” ಎಂದಳು ಪುಟ್ಟಿ, ಅಪ್ಪನ ತೋಳು ಹಿಡಿದು.

“ಆಮೇಲೆ...” ರೇಡಿಯೋ ಕಣ್ಣೊರೆಸಿಕೊಂಡು ನಗುತ್ತಾ ಹೇಳುತ್ತಲೇ ಹೋದ. ಕೂಡಿಟ್ಟಿದ್ದ ಮಾತೆಲ್ಲ ಹೊರಗೆ ಬರತೊಡಗಿತು.

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಪುಟ್ಟಿಯ ಬಟ್ಟೆ ತುಂಬಿಕೊಳ್ಳಲು ಖಾಲಿ ಚೀಲ ಕೈಯಲ್ಲಿತ್ತು. “ಇದೇನು ಭಾವ, ಇವರು ಅರ್ಧ ಮೀಸೆ, ನೀವು ನೋಡಿದ್ರೆ ಅಳ್ತಾ ನಗ್ತಾ ಇದೀರಿ?”

“ಚಿಕ್ಕಮ್ಮಾ, ಸುಮ್ನಿರಿ. ಅಪ್ಪ ಅಮ್ಮನ ಕಥೆ ಹೇಳ್ತಿದ್ದಾನೆ!”

ಮೀಸೆ ಸಾರ್ ಬಾಯಿಂದ ಪುಸ್ತಕದ ವಿಷಯ ತಿಳಿದು ನಾದಿನಿ ಮೂಗು ಮುರಿದಳು. “ಕಥೆಪುಸ್ತಕ ಓದಿದ್ರೆ ದುಃಖ ಹೋಗಿಬಿಡುತ್ತಾ? ಹಾಗಿದ್ರೆ ನನ್ನಕ್ಕನ ಬೆಲೆ ಇಷ್ಟೇನಾ?”

“ದುಃಖ ಎಲ್ಲೂ ಹೋಗಿಲ್ಲಮ್ಮ,” ಎಂದ ರೇಡಿಯೋ. “ಇಲ್ಲೇ ಇದೆ. ನನಗೆ ಬಾಯಿ ಬಂತು, ಅಷ್ಟೆ. ಆ ಅಂಬಿಗನ ಕಷ್ಟ ಕೇಳಿದಾಗ, ಇದು ನನ್ನೊಬ್ಬನದೇ ಅಲ್ಲ ಅನ್ನಿಸ್ತು. ಪುಟ್ಟಿ ರಜಕ್ಕೆ ಬಂದು ನಾಲ್ಕು ದಿನ ಇದ್ದು ಬರ್ಲಿ. ಶಾಲೆ ಇಲ್ಲೇ, ಮನೆ ಇಲ್ಲೇ.”

ಭಾವ ಇಷ್ಟುದ್ದ ಮಾತಾಡಿದ್ದನ್ನು ಕೇಳಿ ಅವಳು ಖಾಲಿ ಚೀಲವನ್ನು ಮಡಚಿಟ್ಟಳು. ಪುಟ್ಟಿ ಅವಳ ಕೈ ಎಳೆದಳು. “ಚಿಕ್ಕಮ್ಮಾ, ಅಮ್ಮನ ಫ್ಯಾಶನ್ ಬೇಕು ಅಂತ ಯಾರ್ಯಾರು ಬಂದಿದ್ರು ಗೊತ್ತಾ ನಿಮಗೆ?”

“ಗೊತ್ತಿಲ್ಲದೆ ಏನು? ಎಲ್ಲರಿಗಿಂತ ಮೊದ್ಲು ಬಂದು ಕೂತವಳೇ ನಾನು! ಜಡೆ ಕತ್ತರಿಸಿಕೊಂಡೆ ಅಂತ ನಮ್ಮಮ್ಮ ಪೊರಕೆ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದಿದ್ರು.” ಎಂದವಳೇ ಬೆಂಚಿನ ಮೇಲೆ ಕುಸಿದು ಕೂತು, ಅಕ್ಕ ಹೋದಾಗಿನಿಂದ ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಯಾರೂ ಅವಳನ್ನು ಸುಮ್ಮನಾಗಿಸಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಸೊರಕ್ಕೆನಿಸಿ ಹೇಳಿದಳು: “ಪುಟ್ಟಿ, ಮೊದಲಿಂದ ಓದೇ. ಆ ಮೇಕೆ ಕಥೆ ನಾನು ಕೇಳಿಲ್ಲ.”

ಓದುಗರೇ, ಕೇಳುಗರೇ, ಈಗ ನಿಮ್ಮ ಮಾತಿಗೆ ಬರೋಣ. ಯಾರನ್ನೋ ಕಳೆದುಕೊಂಡು ನಿಮ್ಮ ಮನೆ ಮೌನವಾಗಿದೆಯೇ? ನಂಬಿದವರೇ ನೋಯಿಸಿ ಹೋದರೇ? ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಅಲ್ಲಿರುವವರನ್ನು ಸಂಕೋಚವಿಲ್ಲದೆ ಕೇಳಿ. ಅಳಿಸುವ ಪುಸ್ತಕವೇ ಬೇಕೆಂದಿಲ್ಲ, ನಗಿಸುವುದಾದರೂ ಸರಿ, ಕಳ್ಳನನ್ನು ಹಿಡಿಯುವುದಾದರೂ ಸರಿ. ಹಿಡಿಸಲಿಲ್ಲವೇ, ಹಿಂದಿರುಗಿಸಿ ಬೇರೆಯದು ತನ್ನಿ. ಓದಲು ಬಾರದಿದ್ದರೆ ಓದಿಸಿಕೊಂಡು ಕೇಳಿ. ಊಟ ನಿದ್ದೆ ಬಿಟ್ಟುಹೋಗುವಷ್ಟು, ಬದುಕೇ ಬೇಡವೆನ್ನಿಸುವಷ್ಟು ದುಃಖವಿದ್ದರೆ ಪುಸ್ತಕವೊಂದನ್ನೇ ನೆಚ್ಚಿ ಕೂರಬೇಡಿ, ತಡಮಾಡದೆ ವೈದ್ಯರನ್ನು ಕಾಣಿ.

ಇವತ್ತೇ ಒಂದು ಪುಸ್ತಕ ಮನೆಗೆ ಬರಲಿ. ಎಲ್ಲರೂ ಕೂತು ಗಟ್ಟಿಯಾಗಿ ಓದಿ. ನಡುವೆ ಯಾರದಾದರೂ ಗಂಟಲು ಕಟ್ಟಿದರೆ ಓದು ನಿಲ್ಲಿಸಿ ಅವರ ಮಾತು ಕೇಳಿ. ಪುಟ ಎಲ್ಲಿಗೂ ಓಡಿಹೋಗುವುದಿಲ್ಲ.