ವೆರಾ ಸುಮ್ಮನೆ ನಿಂತಾಗ

ವಿಡಿಯೋ ಆಟದ ನಾಯಕಿ ವೆರಾಳ ಎಡ ಹಿಮ್ಮಡಿ ನೆಲ ಮುಟ್ಟುವ ಕ್ಷಣದಲ್ಲಿ ಗಿಲೇನ್ ಪರದೆಯನ್ನು ನಿಲ್ಲಿಸಿದಳು. ಹಿಂದಕ್ಕೆ ಸರಿಸಿ ಮತ್ತೆ ಬಿಟ್ಟಳು. ಕಾಲು ಹೊತ್ತಿಗೆ ಸರಿಯಾಗಿ ಇಳಿಯಿತು. ಈ ಸಲ ವೆರಾಳಿಗಾಗಿ ಓಡಿದ ಹೊಸ ಹುಡುಗಿಯ ಕಾಲು. ವೆರಾ ಕತ್ತಿ ಹಿಡಿದು ಸೇತುವೆ ದಾಟಿ, ಗೋಡೆ ಹತ್ತಿ, ಆಚೆ ಧುಮುಕಿದಳು. ಎಲ್ಲೂ ತಡವರಿಸಲಿಲ್ಲ.

“ಅಬ್ಬಾ! ಕೊನೆಗೂ ಮನುಷ್ಯರ ಹಾಗೆ ಓಡ್ತಿದ್ದಾಳೆ,” ಎಂದ ಹಿಂದೆ ನಿಂತಿದ್ದ ತಿಯೆರಿ. ಆಟದ ನಿರ್ದೇಶಕ ಅವನು. ಮಾರ್ಚ್ ತಿಂಗಳ ಹಿಮದ ಕೆಸರು ಮೆತ್ತಿದ ಬೂಟನ್ನು ಬಾಗಿಲಲ್ಲಿ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಕಚೇರಿಯೆಲ್ಲ ಸುತ್ತುತ್ತಿದ್ದ. “ಮೊದಲನೇ ಆಟಕ್ಕೆ ಜನ ಏನೇನು ಬರೆದ್ರು ನೆನಪಿದೆಯಾ? ವೆರಾಗೆ ಯಾರಾದ್ರೂ ಸರಿಯಾದ ಚಪ್ಪಲಿ ಕೊಡಿಸಿ ಅಂತ!”

“ನೆನಪಿದೆ.”

“ಹಳೇ ಆಟದ್ದು ಇನ್ನೇನು ಉಳಿದಿದೆ?”

“ಸುಮ್ಮನೆ ನಿಲ್ಲೋದು ಒಂದೇ.”

“ಅದನ್ನೂ ಬದಲಾಯಿಸಿಬಿಡು. ಶುಕ್ರವಾರದೊಳಗೆ ಆಗಲಿ. ಯಾರು ನೋಡ್ತಾರೆ ಅದನ್ನ?”

ಆಡುವವರು ಗುಂಡಿ ಒತ್ತದೆ ಕೈಬಿಟ್ಟು ಕೂತಾಗ ವೆರಾ ಕಾಯುತ್ತ ನಿಲ್ಲುತ್ತಾಳೆ. ಬಲಭುಜ ತಿರುಗಿಸುತ್ತಾಳೆ, ಹಣೆಗೆ ಬಿದ್ದ ಕೂದಲನ್ನು ಉಫ್ ಎಂದು ಊದುತ್ತಾಳೆ. ಅದು ಗಿಲೇನ್‌ಳ ಗೆಳತಿ ಕೊರಾಲಿಯದು. ಮೊದಲ ಆಟದ ವೆರಾ ಇಡಿಯಾಗಿ ಕೊರಾಲಿಯೇ.

ಮಾಂಟ್ರಿಯಲ್‌ನ ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದ ಗೆಳತಿ, ಅದನ್ನು ಬಿಟ್ಟು ಬಂದು, ಕಪ್ಪು ಬಿಗಿಯುಡುಪಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿಕೊಂಡು ಕ್ಯಾಮೆರಾಗಳ ನಡುವೆ ಓಡಿದ್ದಳು. ಗುಂಡುಗಳು ಹೋದಂತೆ ಪರದೆಯ ಮೇಲೆ ವೆರಾ ಹೋಗುತ್ತಿದ್ದಳು. ಗುಂಡು ಜಾರಿದರೆ ವೆರಾಳ ಕಾಲು ಅದುರಿದಂತೆ ಕಾಣುತ್ತದೆ. ಆ ಅದುರುವಿಕೆಯನ್ನು ಅಳಿಸುವುದು ಗಿಲೇನ್‌ಳ ಕೆಲಸ. ಎಡಗಾಲು ತುಸು ತಡವಾಗಿ ಬೀಳುವುದನ್ನು ಕಂಡಾಗ ಅವಳು ಬೈದದ್ದು ಅಂಟನ್ನು. ಎಷ್ಟು ಅಳಿಸಿದರೂ ಅದು ಪೂರ್ತಿ ಹೋಗಲಿಲ್ಲ. ಆಟ ಅಂಗಡಿಗೆ ಬಂದು, ಜನ ನಕ್ಕು, ಇನ್ನೊಂದು ಚಳಿಗಾಲ ಕಳೆದ ಮೇಲೆ ವೈದ್ಯರು ಕೊರಾಲಿಯ ನರಗಳ ಕಾಯಿಲೆಗೆ ಒಂದು ಹೆಸರು ಹೇಳಿದರು. ಯಾವ ವೈದ್ಯರಿಗಿಂತಲೂ ಮೊದಲು ಅದು ಗಿಲೇನ್‌ಳ ಪರದೆಗೆ ಬಂದು ಹೋಗಿತ್ತು.

ಸಂಜೆ ಅವಳು ಬಟಾಣಿ ಸೂಪು ಮಾಡಿಕೊಂಡು ಕೊರಾಲಿಯ ಮನೆಗೆ ಹೋದಳು. ಹೊರಗಿನ ಸುರುಳಿ ಮೆಟ್ಟಿಲು ಹತ್ತಬೇಕಾಗಿದ್ದ ಮೇಲ್ಮನೆಯನ್ನು ಬಿಟ್ಟು, ಕೊರಾಲಿ ಅದೇ ಕಟ್ಟಡದ ಕೆಳಮನೆಗೆ ಬಂದಿದ್ದಳು. ಗಾಲಿಕುರ್ಚಿಯಲ್ಲಿ ಕೂತು ಬಲಗೈ ಒಂದರಲ್ಲೇ ಹಳೆಯ ಆಟ ಆಡುತ್ತಿದ್ದಳು.

“ಬಂದ್ಯಾ? ಉಪ್ಪು ಹಾಕಿದೀಯಾ, ಇಲ್ಲಾ ಹೋದ ಸಲದ ಹಾಗೆ ಆಸ್ಪತ್ರೆ ಊಟಾನಾ?”

“ಹಂದಿ ಮಾಂಸಾನೂ ಹಾಕಿದೀನಿ. ಸುಮ್ನೆ ತಿನ್ನು.”

ಕೊರಾಲಿಯ ಕೈ ಸೋತಿತು. ಅದನ್ನು ಮಡಿಲಿಗೆ ಇಳಿಸಿಕೊಂಡಳು. ಪರದೆಯಲ್ಲಿ ವೆರಾ ನಿಂತು, ಭುಜ ತಿರುಗಿಸಿ, ಕೂದಲು ಊದಿದಳು.

“ಹೊಸದರ ಜಾಹೀರಾತು ನೋಡ್ದೆ ಕಣೇ. ಯಾರು ಆ ಹುಡುಗಿ?”

“ನಿಮ್ಮ ಸರ್ಕಸ್ ಶಾಲೆಯವಳೇ. ಚಿಕ್ಕವಳು.”

“ನನಗಿಂತ ಚೆನ್ನಾಗಿ ಓಡ್ತಾಳೆ, ಹಾಳಾದವಳು. ಹೊಟ್ಟೆ ಉರೀತು. ಈ ಸಲ ಆಟ ಚೆನ್ನಾಗಿ ಬರುತ್ತೆ ಬಿಡು.”

“ನಿಲ್ಲೋದು ಮಾತ್ರ ಇನ್ನೂ ನಿಂದೇ ಇದೆ. ಅದನ್ನಾದ್ರೂ ಉಳಿಸು ಅಂತ ತಿಯೆರಿಗೆ ಕೇಳ್ತೀನಿ. ಆವತ್ತು ಅಂಟು ಜಾರಿದೆ ಅಂದ್ಕೊಂಡು ನಾನು...”

“ಅಂಟಲ್ಲ ಅಂತ ನನಗೆ ಗೊತ್ತಿತ್ತು.”

ಗಿಲೇನ್ ಚಮಚ ಕೆಳಗಿಟ್ಟಳು.

“ಹಗ್ಗದ ಮೇಲೆ ಇದ್ದಕ್ಕಿದ್ದ ಹಾಗೆ ಪಾದ ಇಲ್ಲವೇ ಇಲ್ಲ ಅನ್ನಿಸೋದು. ಅದಕ್ಕೇ ನಿಮ್ಮಲ್ಲಿಗೆ ಬಂದಿದ್ದು. ನೆಲದ ಮೇಲೆ ಬಿದ್ರೆ ಯಾರೂ ಸಾಯಲ್ವಲ್ಲ. ಹೇಗೂ ನೀನು ತಿದ್ದುತೀಯ, ಪರದೆ ಮೇಲಾದ್ರೂ ನೆಟ್ಟಗೆ ನಡೀತೀನಿ ಅಂದ್ಕೊಂಡೆ.” ಕೊರಾಲಿ ನಕ್ಕಳು. “ನೀನು ತಿದ್ದಿದ್ದು ಸಾಲಲಿಲ್ಲ ಮಾರಾಯ್ತಿ. ಊರೆಲ್ಲ ನಕ್ತು.”

ಗಿಲೇನ್‌ಗೆ ನಗು ಬರಲಿಲ್ಲ. ಸೂಪು ಆರುತ್ತಿತ್ತು.

“ಆ ಕಾಲನ್ನ ಎಲ್ಲೂ ಉಳಿಸಬೇಡ,” ಎಂದಳು ಕೊರಾಲಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನಿಂತಾಗಲೂ ಕಾಣುತ್ತೆ ನನಗೆ. ಭಾರವೆಲ್ಲ ಬಲಗಾಲಿಗೇ ಹಾಕ್ಕೊಂಡಿದೀನಿ. ದಿನಾ ನೋಡ್ತೀನಲ್ಲ. ಹೊಸದರಲ್ಲಿ ಬೇಡ. ಮಾತು ಕೊಡು.”

“ಕೊಟ್ಟೆ,” ಎಂದಳು ಗಿಲೇನ್.

ಮರುದಿನ ಬೆಳಿಗ್ಗೆ ಅವಳು ಹಳೆಯ ಚಿತ್ರೀಕರಣವನ್ನು ತೆರೆದಳು. ಅದರಲ್ಲಿ ವೆರಾ ಇರಲಿಲ್ಲ, ಗುಂಡು ಅಂಟಿಸಿಕೊಂಡ ಕೊರಾಲಿಯೇ ಇದ್ದಳು. ಶುರು ಮಾಡು ಎಂದು ಗಿಲೇನ್ ಹೇಳುವುದನ್ನೇ ಕಾಯುತ್ತಿದ್ದಳು. ಕಾದು ಕಾದು ಬೇಸತ್ತು ಭುಜ ತಿರುಗಿಸಿದಳು, ಕೂದಲು ಊದಿದಳು. ಈಗ ಬಲಗಾಲ ಮೇಲೆ ಕೂತ ಭಾರ ಗಿಲೇನ್‌ಗೂ ಕಂಡಿತು. ಇಷ್ಟು ದಿನ ಅದನ್ನು ಠೀವಿ ಎಂದುಕೊಂಡಿದ್ದಳು.

ವೆರಾಳ ನಿಲುವಿನಲ್ಲಿ ಸೊಂಟದಿಂದ ಕೆಳಗಿನದೆಲ್ಲವನ್ನೂ ಅಳಿಸಿದಳು. ಅಲ್ಲಿ ಹೊಸ ಹುಡುಗಿಯ ಕಾಲುಗಳನ್ನು ತಂದು ನಿಲ್ಲಿಸಿದಳು. ಮೇಲಿನದನ್ನು ಅಳಿಸಲು ಹೋದವಳು ಕೈ ತಡೆದಳು. ಭುಜದಲ್ಲಿ ಕಾಯಿಲೆ ಇರಲಿಲ್ಲ. ಬೇಗ ಶುರು ಮಾಡೇ ಎನ್ನುವ ಅವಸರ ಮಾತ್ರ ಇತ್ತು.

ದಾಟಿ ಹೋಗುತ್ತಿದ್ದ ತಿಯೆರಿ ಕೇಳಿದ, “ಕಾಲು ಬದಲಾಯ್ತಾ?”

“ಬದಲಾಯ್ತು.”

ಅವನು ಮುಂದೆ ಹೋದ. ಹೊಸ ಆಟ ಬಂದಾಗಲೂ ಕೊರಾಲಿಯ ಕೈ ಸೋಲುತ್ತದೆ, ಅದನ್ನು ಮಡಿಲಿಗೆ ಇಳಿಸಿಕೊಳ್ಳುತ್ತಾಳೆ, ಆಗ ಪರದೆಯತ್ತ ನೋಡುತ್ತಾಳೆ ಎಂದು ಗಿಲೇನ್‌ಗೆ ಗೊತ್ತಿತ್ತು. ಅವಳು ಸೊಂಟದ ಬಳಿ ಬೆಸುಗೆ ಕಾಣದಂತೆ ನಯಮಾಡುತ್ತ ಹೋದಳು. ಕೂದಲು ಊದುವಲ್ಲಿ ಏನನ್ನೂ ತಿದ್ದಲಿಲ್ಲ.